ಕುಂಬಾರನ ತಾಜ್‌ಮಹಲ್: 1928ರ ‘ಶಿರಾಜ್’ ಚಿತ್ರ ಇವತ್ತಿಗೂ ಯಾಕೆ ಹಿಡಿಸುತ್ತದೆ?

ರಾಣಿ ತೀರಿಕೊಂಡಿದ್ದಾಳೆ. ಅವಳ ಸಮಾಧಿ ಹೇಗಿರಬೇಕು ಅಂತ ದೊರೆ ಊರೂರಿನ ಕುಶಲಕರ್ಮಿಗಳಿಂದ ಮಾದರಿ ತರಿಸುತ್ತಾನೆ. ಅವುಗಳಲ್ಲಿ ಒಂದು ಅವನಿಗೆ ತುಂಬಾ ಹಿಡಿಸುತ್ತದೆ. ಎಷ್ಟು ಹಿಡಿಸುತ್ತದೆ ಅಂದರೆ, ಇದನ್ನು ಮಾಡಿದವನು ಇನ್ನೊಬ್ಬರಿಗೆ ಇಂಥದ್ದು ಮಾಡಿಕೊಡಬಾರದು, ಅವನ ಕಣ್ಣು ತೆಗೆಸಿ ಅನ್ನುತ್ತಾನೆ. ಆಳುಗಳು ಹತ್ತಿರ ಹೋಗುತ್ತಾರೆ. ಆ ಮನುಷ್ಯ ಆಗಲೇ ಕುರುಡ.

ಇದು ‘ಶಿರಾಜ್’ ಎಂಬ ಮೂಕಿ ಚಿತ್ರದ ಕೊನೆಯ ಭಾಗ. ಚಿತ್ರ ಬಂದದ್ದು 1928ರಲ್ಲಿ. ದುಡ್ಡು ಹಾಕಿದವರಲ್ಲಿ ಲಂಡನ್ನಿನ ಒಂದು ಕಂಪನಿ ಇತ್ತು, ಬರ್ಲಿನ್ನಿನ ಒಂದು ಕಂಪನಿ ಇತ್ತು. ನಿರ್ದೇಶಕ ಫ್ರಾಂಜ್ ಓಸ್ಟನ್ ಜರ್ಮನಿಯವನು. ನಟರೆಲ್ಲ ಇಲ್ಲಿಯವರು, ಶೂಟಿಂಗ್ ನಡೆದದ್ದೂ ಇಲ್ಲೇ. ಹೀಗೆ ಮೂರು ಮನೆಯ ಮಗು ಆದದ್ದರಿಂದಲೋ ಏನೋ, ಯಾವ ಮನೆಯವರೂ ಇದನ್ನು ಸರಿಯಾಗಿ ತಮ್ಮದು ಅನ್ನಲಿಲ್ಲ. ಬ್ರಿಟಿಷ್ ಸಿನಿಮಾ ಅಂದಾಗ ಜನ ಹಿಚ್‌ಕಾಕ್ ಹೆಸರು ಹೇಳುತ್ತಾರೆ. ಭಾರತದ ಮೂಕಿ ಅಂದಾಗ ಫಾಲ್ಕೆ ಹೆಸರು ಹೇಳುತ್ತಾರೆ. ‘ಶಿರಾಜ್’ ಎರಡೂ ಪಟ್ಟಿಯ ಹೊರಗೆ, ಬಾಗಿಲ ಬಳಿ ನಿಂತಿತ್ತು.

ನಾನು ಇದನ್ನು ಹಳೇ ಕಾಲದ ಒಂದು ವಿಚಿತ್ರ ವಸ್ತು ಅಂದುಕೊಂಡೇ ನೋಡಲು ಕೂತೆ. ಅರ್ಧ ಗಂಟೆಯ ಹೊತ್ತಿಗೆ ಆ ಉದಾಸೀನ ಹೋಗಿತ್ತು. ಇತಿಹಾಸ ಪೂರ್ತಿ ತಪ್ಪು, ನಾಯಕನ ಅಭಿನಯ ಗಟ್ಟಿ ಅಲ್ಲ, ಕಥೆಯ ತಿರುವುಗಳು ನಮ್ಮ ಕಂಪನಿ ನಾಟಕಗಳಲ್ಲಿ ಸವೆದು ಹೋದವು. ಆದರೂ ಹಿಡಿಸುತ್ತದೆ. ಯಾಕೆ? ಈ ಬರಹ ಆ ಒಂದು ಪ್ರಶ್ನೆಯ ಹಿಂದೆ ಹೋಗುತ್ತದೆ.

ಮೊದಲು ಕಥೆ

ಮರಳುಗಾಡಿನಲ್ಲಿ ಒಂಟೆಗಳ ಸಾಲು ಹೋಗುತ್ತಿದೆ. ಕಳ್ಳರು ಬೀಳುತ್ತಾರೆ. ಉಳಿಯುವುದು ಒಂದು ಹೆಣ್ಣು ಕೂಸು, ಅದರ ಜೊತೆ ಒಂದು ತಾಯಿತ. ಕುಂಬಾರನೊಬ್ಬ ಕೂಸನ್ನು ಮನೆಗೆ ತಂದು ಸಾಕುತ್ತಾನೆ. ಹೆಸರು ಸಲೀಮಾ. ಕುಂಬಾರನ ಮಗ ಶಿರಾಜ್ ಅವಳ ಜೊತೆ ಬೆಳೆಯುತ್ತಾನೆ, ಬೆಳೆಯುತ್ತಾ ಅವಳನ್ನು ಪ್ರೀತಿಸುತ್ತಾನೆ. ಗುಲಾಮರ ವ್ಯಾಪಾರಿಗಳು ಅವಳನ್ನು ಎತ್ತಿಕೊಂಡು ಹೋಗಿ ಮಾರುತ್ತಾರೆ. ಅವಳು ಹೋಗಿ ಸೇರುವುದು ರಾಜಕುಮಾರ ಖುರ್ರಂನ ಅರಮನೆಗೆ. ಮುಂದೆ ಷಹಜಹಾನ್ ಆಗುವವನು ಇವನೇ. ಖುರ್ರಂ ಅವಳಿಗೆ ಮನಸೋಲುತ್ತಾನೆ. ಅವನನ್ನೇ ಮದುವೆ ಆಗಬೇಕು ಅಂತ ಹವಣಿಸುತ್ತಿದ್ದ ದಾಲಿಯಾಗೆ ಇದು ಸಹಿಸುವುದಿಲ್ಲ. ಶಿರಾಜ್ ಸಲೀಮಾಳನ್ನು ಹುಡುಕಿಕೊಂಡು ಬಂದು ಹೊರಗೆ ಅಲೆಯುತ್ತಿರುವುದು ದಾಲಿಯಾಳ ಕಣ್ಣಿಗೆ ಬೀಳುತ್ತದೆ. ಅವನನ್ನು ಉಪಾಯವಾಗಿ ಒಳಗೆ ಬಿಡಿಸಿ, ಸಲೀಮಾಳ ಜೊತೆ ಸಿಕ್ಕಿಬೀಳುವ ಹಾಗೆ ಮಾಡುತ್ತಾಳೆ. ಶಿರಾಜ್‌ಗೆ ಆನೆಯ ಕಾಲ ಕೆಳಗೆ ಸಾಯುವ ಶಿಕ್ಷೆ. ಕೊನೇ ಗಳಿಗೆಯಲ್ಲಿ ಮೋಸ ಬಯಲಾಗುತ್ತದೆ, ಅವನು ಉಳಿಯುತ್ತಾನೆ. ತಾಯಿತದ ಗುಟ್ಟೂ ಹೊರಬಿದ್ದು ಸಲೀಮಾ ದೊಡ್ಡ ಮನೆತನದವಳು ಅಂತ ಗೊತ್ತಾಗುತ್ತದೆ. ಮದುವೆ ಆಗುತ್ತದೆ. ಅವಳು ಮುಮ್ತಾಜ್ ಆಗುತ್ತಾಳೆ.

ಬೇರೆ ಯಾರಾದರೂ ಆಗಿದ್ದರೆ ಚಿತ್ರವನ್ನು ಇಲ್ಲಿಗೆ ಮುಗಿಸುತ್ತಿದ್ದರು. ಇದು ಮುಗಿಯುವುದಿಲ್ಲ. ಶಿರಾಜ್ ಊರಿಗೆ ಹೋಗುವುದಿಲ್ಲ. ಅರಮನೆಯ ಹೊರಗೇ ವರ್ಷಗಟ್ಟಲೆ ಉಳಿದುಬಿಡುತ್ತಾನೆ. ಒಂದು ದಿನ ಅವಳು ಸಾಯುತ್ತಾಳೆ. ಅಷ್ಟರಲ್ಲಿ ಇವನ ಕಣ್ಣು ಹೋಗಿದೆ. ಕೈ ಮಾತ್ರ ಕುಂಬಾರನದು. ಮುಟ್ಟಿ ಮುಟ್ಟಿ ಒಂದು ಗೋರಿಯ ಮಾದರಿ ಮಾಡುತ್ತಾನೆ.

ಇತಿಹಾಸ ಏನನ್ನುತ್ತದೆ

ನಿಜವಾದ ಮುಮ್ತಾಜ್ ಕುಂಬಾರರ ಮನೆಯಲ್ಲಿ ಬೆಳೆದವಳಲ್ಲ. ಹೆಸರು ಅರ್ಜುಮಂದ್ ಬಾನು, ಆಸಫ್ ಖಾನನ ಮಗಳು, ನೂರ್‌ಜಹಾನಳ ಅಣ್ಣನ ಮಗಳು. ಮದುವೆ ಆದದ್ದು 1612ರಲ್ಲಿ. 1631ರಲ್ಲಿ ಬುರ್ಹಾನ್‌ಪುರದಲ್ಲಿ 14ನೇ ಹೆರಿಗೆಯ ಹೊತ್ತಿಗೆ ತೀರಿಕೊಂಡಳು. ಮರುವರ್ಷ ಆಗ್ರಾದಲ್ಲಿ ಕೆಲಸ ಶುರುವಾಯಿತು. ವಾಸ್ತುಶಿಲ್ಪಿ ಅಂತ ಹೆಚ್ಚಾಗಿ ಹೇಳುವುದು ಉಸ್ತಾದ್ ಅಹ್ಮದ್ ಲಾಹೋರಿಯ ಹೆಸರು. ಶಿರಾಜ್ ಎಂಬ ಕುಂಬಾರ ಕಲ್ಪನೆಯ ಮಗ.

ಆದರೆ ತಾಜ್ ಕಟ್ಟಿದವರ ಕೈ ಕಡಿಸಿದರು ಎನ್ನುವ ಕಥೆಯನ್ನು ನಾವೆಲ್ಲ ಸ್ಕೂಲ್ ಟ್ರಿಪ್ಪಿನಲ್ಲಿ ಗೈಡ್ ಬಾಯಲ್ಲಿ ಕೇಳಿದ್ದೇವೆ, ಅಲ್ವಾ? ಅದಕ್ಕೂ ಆಧಾರ ಇಲ್ಲ. ಆದರೂ ಜನ ಅದನ್ನು ಬಿಡುವುದಿಲ್ಲ. ಅಷ್ಟು ಚೆಂದದ ಕಟ್ಟಡವನ್ನು ನೋಡಿದ ಕೂಡಲೇ, ಇದಕ್ಕೆ ಯಾರು ಬೆಲೆ ತೆತ್ತರೋ ಅಂತ ಅನ್ನಿಸುತ್ತದಲ್ಲ, ಆ ಅನುಮಾನದಿಂದ ಹುಟ್ಟಿದ ಕಥೆ ಅದು. ‘ಶಿರಾಜ್’ ಕೈ ಹಾಕುವುದು ಇದೇ ಜಾಗಕ್ಕೆ. ಗೈಡ್ ಹೇಳುವ ಕಥೆಯಲ್ಲಿ ದೊರೆ ಕ್ರೂರಿ, ಕೆಲಸಗಾರ ಬಲಿ, ಅಷ್ಟೇ. ಚಿತ್ರ ಅದನ್ನು ಒಂದು ಸುತ್ತು ತಿರುಗಿಸುತ್ತದೆ. ದೊರೆ ಕಿತ್ತುಕೊಳ್ಳಲು ಹೊರಟದ್ದನ್ನು ಈ ಮನುಷ್ಯ ಆಗಲೇ ಕಳೆದುಕೊಂಡಿದ್ದಾನೆ. ಅವಳಿಗಾಗಿ ಕಾದೂ ಕಾದೂ ಕಣ್ಣು ಹೋಯಿತು. ಶಿಕ್ಷೆ ಕೊಡಲು ಬಂದವರಿಗೆ ಕೆಲಸವೇ ಇಲ್ಲ. ಅಲ್ಲಿಗೆ ತಾಜ್ ದೊರೆಯ ಪ್ರೇಮದ ಗುರುತು ಅನ್ನುವ ಮಾತು ಸದ್ದಿಲ್ಲದೆ ಜಾರಿಹೋಗುತ್ತದೆ. ಕಲ್ಲು ದೊರೆಯದು, ಖಜಾನೆ ದೊರೆಯದು. ರೂಪ ಮಾತ್ರ ಹೊರಗೆ ನಿಂತಿದ್ದವನದು.

ನನಗೆ ಈ ಚಿತ್ರ ಹಿಡಿಸಿದ್ದು ಇದಕ್ಕೇ. ಉಳಿದದ್ದೆಲ್ಲ ಇದರ ಸುತ್ತ ಸುತ್ತುತ್ತದೆ.

ಪ್ರೀತಿಯನ್ನು ಹೇಳುವ ರೀತಿಯಲ್ಲೂ ಒಂದು ಹದ ಇದೆ. ಸಲೀಮಾ ಖುರ್ರಂನನ್ನು ನಿಜವಾಗಿ ಪ್ರೀತಿಸುತ್ತಾಳೆ. ದೊಡ್ಡವನು ಅಂತಲೋ, ಭಯದಿಂದಲೋ ಅಲ್ಲ. ಖುರ್ರಂ ಕೂಡ ಕೊಂಡುತಂದ ಹುಡುಗಿಯ ಮನಸ್ಸಿಗೆ ಕಾಯುತ್ತಾನೆ. ಶಿರಾಜ್‌ನ ಮೇಲೆ ಅವಳಿಗೆ ಇರುವುದು ಜೊತೆಗೆ ಬೆಳೆದವನ ಮೇಲಿನ ಅಕ್ಕರೆ. ಅಣ್ಣ ತಂಗಿಯ ಹಾಗೆ ಬೆಳೆದವರಲ್ಲಿ ಒಬ್ಬನಿಗೆ ಮಾತ್ರ ಅದು ಬೇರೆ ಥರ ಆಗುವುದು ನೋಡುವವರಿಗೆ ಸ್ವಲ್ಪ ಇರುಸುಮುರುಸು. ಅವಳು ಹೊಟ್ಟೆಯಲ್ಲಿ ಹುಟ್ಟಿದವಳಲ್ಲ ಅಂತ ಚಿತ್ರ ಮೊದಲೇ ತೋರಿಸಿಬಿಟ್ಟಿರುವುದರಿಂದ ಹೇಗೋ ಸುಧಾರಿಸಿಕೊಳ್ಳುತ್ತೇವೆ. ಮೂವರಲ್ಲಿ ಯಾರೂ ಕೆಟ್ಟವರಲ್ಲ. ಹಾಗಾಗಿ ಶಿರಾಜ್ ಯಾರ ಮೇಲೂ ಸಿಟ್ಟು ಮಾಡಿಕೊಳ್ಳಲು ಆಗುವುದಿಲ್ಲ. ನಾವೂ ಅಷ್ಟೇ.

ಇಷ್ಟು ಹೇಳಿದ ಮೇಲೆ ಒಂದು ದೂರು. ಮೂವರೂ ಒಳ್ಳೆಯವರಾಗಿ ಉಳಿಯಲಿ ಅಂತ ಎಲ್ಲ ಕೆಡುಕನ್ನೂ ದಾಲಿಯಾಳ ತಲೆಗೆ ಕಟ್ಟಿದ್ದಾರೆ. ಇದು ಸುಲಭದ ದಾರಿ. ತಮಾಷೆ ಏನೆಂದರೆ, ಆ ಪಾತ್ರ ಮಾಡಿದ ಸೀತಾದೇವಿ ಎಲ್ಲರಿಗಿಂತ ಚೆನ್ನಾಗಿ ಮಾಡಿದ್ದಾಳೆ. ಅವಳು ಆಂಗ್ಲೋ ಇಂಡಿಯನ್, ನಿಜವಾದ ಹೆಸರು ರೆನೀ ಸ್ಮಿತ್. ಹುಬ್ಬು ಒಂಚೂರು ಎತ್ತಿದರೆ ಸಾಕು, ಮುಂದೆ ಏನೋ ಕಾದಿದೆ ಅಂತ ಗೊತ್ತಾಗುತ್ತದೆ. ಸಲೀಮಾ ಆಗಿರುವ ಏಣಾಕ್ಷಿ ರಾಮರಾವ್ ಇದಕ್ಕೆ ಪೂರ್ತಿ ಉಲ್ಟಾ. ಸುಮ್ನೆ ನಿಂತು ನೋಡುತ್ತಾಳೆ, ಅಷ್ಟರಲ್ಲೇ ಕೆಲಸ ಆಗುತ್ತದೆ. ಅವಳಿಗೂ ಖುರ್ರಂ ಆಗಿರುವ ಚಾರು ರಾಯ್‌ಗೂ ನಡುವೆ ಮುತ್ತಿನ ದೃಶ್ಯ ಇದೆ. ನಮ್ಮ ಸಿನಿಮಾದಲ್ಲಿ ಮುತ್ತು ಬರುವ ಹೊತ್ತಿಗೆ ಎರಡು ಹೂವು ಒಂದಕ್ಕೊಂದು ತಾಗುತ್ತಿದ್ದ ಕಾಲ ಇನ್ನೂ ದೂರ ಇತ್ತು ಅಂತ ಕಾಣುತ್ತದೆ.

ಶಿರಾಜ್ ಆಗಿರುವುದು ಚಿತ್ರದ ನಿರ್ಮಾಪಕ ಹಿಮಾಂಶು ರಾಯ್. ಹುಟ್ಟಿದ್ದು 1892, ಅಂದರೆ ಆಗ ವಯಸ್ಸು ಮೂವತ್ತೈದರ ಆಚೆಗೆ. ಎಳೆ ಪ್ರೇಮಿಯಾಗಿ ನಂಬಲು ಕಷ್ಟ. ಕಣ್ಣು ಅಗಲ ಮಾಡುವುದೂ ಜಾಸ್ತಿ ಆಯಿತು. ಆದರೆ ಮುದುಕನಾದ ಮೇಲೆ ಅವನು ಬೇರೆಯೇ ನಟ. ಕುರುಡನ ಬೆರಳು ಮಾದರಿಯ ಗುಮ್ಮಟದ ಮೇಲೆ ಆಡುವಾಗ ಮುಖದಲ್ಲಿ ಏನೂ ಮಾಡುವುದಿಲ್ಲ. ಮಾತಿನ ಚಿತ್ರ ಆಗಿದ್ದರೆ ಆ ಜಾಗದಲ್ಲಿ ಒಂದು ಶೋಕಗೀತೆ ಗ್ಯಾರಂಟಿ ಇರುತ್ತಿತ್ತು.

ಇದು ಬ್ರಿಟಿಷ್ ಚಿತ್ರ ಹೇಗಾಯಿತು

ಹಿಮಾಂಶು ರಾಯ್ ಬಂಗಾಳದವನು, ಲಾ ಓದಲು ಲಂಡನ್ನಿಗೆ ಹೋದವನು. ಅಲ್ಲಿ ನಾಟಕದ ಹುಚ್ಚು ಹಿಡಿಯಿತು. ಅಲ್ಲೇ ನಿರಂಜನ್ ಪಾಲ್‌ನ ಪರಿಚಯ. ‘ಲಾಲ್, ಬಾಲ್, ಪಾಲ್’ ಅಂತ ಓದಿದ್ದೇವಲ್ಲ, ಆ ಬಿಪಿನ್ ಚಂದ್ರ ಪಾಲ್ ಅವರ ಮಗ ಈತ. ಅಪ್ಪ ಸ್ವದೇಶಿ ಚಳವಳಿಯ ಮುಂದಾಳು, ಮಗ ಲಂಡನ್ನಿನಲ್ಲಿ ನಾಟಕ ಬರೆಯುತ್ತಿದ್ದ. ‘ಶಿರಾಜ್’ ಕೂಡ ಅವನ ನಾಟಕದಿಂದಲೇ ಬಂದದ್ದು.

ಇವರಿಬ್ಬರೂ ಮೊದಲು ಸೇರಿ ಮಾಡಿದ್ದು ಬುದ್ಧನ ಕಥೆ, ‘ಲೈಟ್ ಆಫ್ ಏಷ್ಯಾ’, 1925. ಕ್ಯಾಮೆರಾ, ತಂತ್ರಜ್ಞರು ಮ್ಯೂನಿಕ್‌ನ ಎಮೆಲ್ಕಾ ಕಂಪನಿಯವರು, ನಿರ್ದೇಶಕ ಫ್ರಾಂಜ್ ಓಸ್ಟನ್. ಸ್ಟುಡಿಯೋ ಸೆಟ್ ಇಲ್ಲ, ಕೃತಕ ದೀಪ ಇಲ್ಲ, ಮೇಕಪ್ ಇಲ್ಲ ಅಂತ ಆ ಚಿತ್ರದ ಶುರುವಿನಲ್ಲೇ ಬರೆದುಕೊಂಡಿದ್ದರು. ಹೊಗಳಿಕೊಂಡದ್ದೂ ಹೌದು, ಎಚ್ಚರಿಕೆ ಕೊಟ್ಟದ್ದೂ ಹೌದು. 1926ರಲ್ಲಿ ಅದನ್ನು ವಿಂಡ್ಸರ್ ಅರಮನೆಯಲ್ಲಿ ಐದನೇ ಜಾರ್ಜ್ ದೊರೆಗೆ ತೋರಿಸಿದರು. ಯುರೋಪಿನಲ್ಲಿ ಹೆಸರು ಬಂತು. ನಮ್ಮಲ್ಲಿ ಅಷ್ಟು ಓಡಲಿಲ್ಲ.

ಎರಡನೇ ಚಿತ್ರಕ್ಕೆ ಬರ್ಲಿನ್ನಿನ ದೊಡ್ಡ ಕಂಪನಿ ಊಫಾ ಬಂತು. ಜೊತೆಗೆ ಲಂಡನ್ನಿನಿಂದ ಬ್ರಿಟಿಷ್ ಇನ್‌ಸ್ಟ್ರಕ್ಷನಲ್ ಫಿಲ್ಮ್ಸ್. ಹೆಸರೇ ಹೇಳುವ ಹಾಗೆ ಇದು ಪಾಠದ ಚಿತ್ರಗಳ ಕಂಪನಿ. ಬ್ರೂಸ್ ವುಲ್ಫ್ 1919ರಲ್ಲಿ ಕಟ್ಟಿದ್ದು. ಮೊದಲ ಮಹಾಯುದ್ಧದ ಕದನಗಳನ್ನು ಮತ್ತೆ ಆಡಿಸಿ ಚಿತ್ರ ತೆಗೆಯುವುದು, ಹಕ್ಕಿ, ಹುಳ, ಹೂವುಗಳ ಬಗ್ಗೆ ‘ಸೀಕ್ರೆಟ್ಸ್ ಆಫ್ ನೇಚರ್’ ಎಂಬ ಸರಣಿ ಮಾಡುವುದು ಅವರ ಕಸುಬು. ಪ್ರೇಮಕಥೆಗೆ ಇಂಥವರು ದುಡ್ಡು ಹಾಕಿದ್ದು ಮೊದಲು ವಿಚಿತ್ರ ಅನ್ನಿಸಿತು. ಚಿತ್ರ ನೋಡಿದ ಮೇಲೆ ಅಷ್ಟು ವಿಚಿತ್ರ ಅನ್ನಿಸಲಿಲ್ಲ. ಇದ್ದ ಜಾಗಕ್ಕೇ ಹೋಗಿ, ಇದ್ದದ್ದನ್ನು ತೆಗೆಯುವ ಜನ ಅವರು. ಇಲ್ಲಿಯೂ ಅದೇ ನಡೆದಿದೆ.

ಇನ್ನೊಂದು ಕಾರಣ ಲೆಕ್ಕಾಚಾರದ್ದು. 1920ರ ದಶಕದಲ್ಲಿ ಬ್ರಿಟನ್ನಿನ ಥಿಯೇಟರುಗಳಲ್ಲಿ ಅಮೆರಿಕದ ಚಿತ್ರಗಳದ್ದೇ ರಾಜ್ಯ. 1926ರ ಹೊತ್ತಿಗೆ ಅಲ್ಲಿನ ತೆರೆಗಳ ಮೇಲೆ ಬ್ರಿಟಿಷ್ ಚಿತ್ರಗಳ ಪಾಲು ಶೇಕಡ 5ರ ಆಸುಪಾಸಿಗೆ ಇಳಿದಿತ್ತು. 1927ರಲ್ಲಿ ಕಾನೂನು ಬಂತು. ಪ್ರತಿ ಥಿಯೇಟರೂ ಇಂತಿಷ್ಟು ಬ್ರಿಟಿಷ್ ಚಿತ್ರ ತೋರಿಸಲೇಬೇಕು, ಪ್ರಮಾಣ ವರ್ಷದಿಂದ ವರ್ಷಕ್ಕೆ ಏರಬೇಕು. ಬ್ರಿಟಿಷ್ ಚಿತ್ರ ಅಂದರೆ ಯಾವುದು? ಕಾನೂನಿನ ಪ್ರಕಾರ ಬ್ರಿಟಿಷ್ ಪ್ರಜೆಗಳು, ಸಾಮ್ರಾಜ್ಯದ ಒಳಗಿನ ಕಂಪನಿಗಳು ಮಾಡಿದ್ದು. ಭಾರತೀಯರೂ ಆಗ ಬ್ರಿಟಿಷ್ ಪ್ರಜೆಗಳೇ. ಅಂದರೆ ಆಗ್ರಾದ ಬಿಸಿಲಿನಲ್ಲಿ ಬಂಗಾಳದವನು ಆಡಿದ ಮೊಘಲರ ಕಥೆಯೂ ಕಾನೂನಿನ ಕಣ್ಣಿಗೆ ಬ್ರಿಟಿಷ್ ಆಗಬಹುದಿತ್ತು. ಅದೇ 1928ರಲ್ಲಿ ಇಲ್ಲಿ ಸೈಮನ್ ಆಯೋಗಕ್ಕೆ ಜನ ಕಪ್ಪು ಬಾವುಟ ತೋರಿಸುತ್ತಿದ್ದರು. ಇದನ್ನು ನೆನೆದರೆ ನಗು ಬರುತ್ತದೆ, ಪೂರ್ತಿ ನಗಲೂ ಆಗುವುದಿಲ್ಲ.

ಮೂಕಿ ಆಗಿದ್ದರಿಂದ ಈ ಮೂರು ದೇಶಗಳ ಸಂಸಾರ ನಡೆಯಿತು. ನಟರು ಸೆಟ್ಟಿನಲ್ಲಿ ಯಾವ ಭಾಷೆ ಆಡಿದರೂ ಚಿಂತೆ ಇಲ್ಲ. ಲಂಡನ್ನಿಗೆ ಇಂಗ್ಲಿಷ್ ಬರಹದ ಪಟ್ಟಿ, ಬರ್ಲಿನ್ನಿಗೆ ಜರ್ಮನ್ ಬರಹದ ಪಟ್ಟಿ ಅಂಟಿಸಿದರೆ ಆಯಿತು. ಮುಂದೆ ಒಂದೆರಡು ವರ್ಷದಲ್ಲಿ ಮಾತು ಬಂತು, ಈ ಅನುಕೂಲ ಹೋಯಿತು. ಇದೇ ತಂಡದ ಮೂರನೇ ಚಿತ್ರ ‘ಎ ಥ್ರೋ ಆಫ್ ಡೈಸ್’ 1929ರಲ್ಲಿ ಬಂತು. ಅಷ್ಟರಲ್ಲಿ ಜನ ಟಾಕಿ ನೋಡಲು ಓಡುತ್ತಿದ್ದರು.

ಕಣ್ಣಿಗೆ ಕಾಣುವುದು

ಮರಳು ನಿಜ, ಒಂಟೆ ನಿಜ, ಆನೆ ನಿಜ. ಕಲ್ಲಿನ ಕೆತ್ತನೆಯ ಮೇಲೆ ಬೀಳುವ ಬಿಸಿಲೂ ನಿಜ. ಅದೇ ಕಾಲದಲ್ಲಿ ಹಾಲಿವುಡ್ಡು ಪೂರ್ವ ದೇಶದ ಕಥೆ ಅಂದರೆ ಪ್ಲಾಸ್ಟರಿನಲ್ಲಿ ಗುಮ್ಮಟ ಕಟ್ಟಿ, ತಮ್ಮವರಿಗೇ ಬಣ್ಣ ಬಳಿದು ಸುಲ್ತಾನ ಮಾಡುತ್ತಿತ್ತು. ಇಲ್ಲಿ ಒಂದು ಬಾಗಿಲು ದಾಟಿ ನೆರಳಿಗೆ ಬಂದರೆ, ಆ ನೆರಳು ತಂಪಾಗಿದೆ ಅಂತ ಅನ್ನಿಸುತ್ತದೆ. ಆನೆ ಕಾಲೆತ್ತುವ ದೃಶ್ಯದಲ್ಲಿ ನನಗೆ ಉಸಿರು ಹಿಡಿದಂತಾಯಿತು. ಕಂಪ್ಯೂಟರಿನಲ್ಲಿ ಮಾಡಿದ ಆನೆ ನೂರು ಕಂಡಿದ್ದೇವೆ, ಯಾವುದಕ್ಕೂ ಆ ತೂಕ ಇಲ್ಲ.

ಗುಲಾಮರ ಸಂತೆ, ಜನಾನಾ, ವಿಷ, ಪಿತೂರಿ ಇವೆಲ್ಲ ಲಂಡನ್ನಿನ ಪ್ರೇಕ್ಷಕನಿಗೆ ಅಂತ ಇಟ್ಟದ್ದು. ಅದು ಎದ್ದು ಕಾಣುತ್ತದೆ. ಪೂರ್ವ ದೇಶ ಅಂದರೆ ಹೀಗೇ ಇರಬೇಕು ಅಂತ ಅವರ ತಲೆಯಲ್ಲಿ ಇದ್ದದ್ದನ್ನು ಇವರು ಬಿಸಿಬಿಸಿಯಾಗಿ ಬಡಿಸಿದರು. ಆದರೆ ಕುಂಬಾರನ ಮನೆಯ ಭಾಗ ಹಾಗಿಲ್ಲ. ಚಕ್ರ, ಮಡಕೆ, ಅಂಗಳ, ಇಬ್ಬರು ಮಕ್ಕಳ ಆಟ. ಆತುರ ಇಲ್ಲ, ಬೆರಗು ಹುಟ್ಟಿಸುವ ಹಟ ಇಲ್ಲ. ಆ ಹೊತ್ತನ್ನು ನಾವು ಮರೆಯದೆ ಇರುವುದರಿಂದಲೇ ಕೊನೆಯ ಮಾದರಿಯ ದೃಶ್ಯ ತಾಗುತ್ತದೆ. ಕೊನೆಗೆ ನಿಜವಾದ ತಾಜ್ ತೆರೆಯ ಮೇಲೆ ಬಂದಾಗ ನೂರು ಸಲ ಕ್ಯಾಲೆಂಡರಿನಲ್ಲಿ ಕಂಡದ್ದೇ ಆದರೂ, ಯಾರೋ ತಿರುಗಿಸಿದ ಚಕ್ರದ ಮೇಲೆ ಎದ್ದ ಮಡಕೆಯ ಹಾಗೆ ಆ ಗುಮ್ಮಟ ಕಾಣುತ್ತದೆ. ಇದು ಚಿತ್ರ ಹೇಳಿದ ಮಾತಲ್ಲ. ನನಗೆ ಹಾಗೆ ಕಂಡಿತು.

ಉಳಿದದ್ದು

ಭಾರತದಲ್ಲಿ ತಯಾರಾದ ಮೂಕಿ ಚಿತ್ರಗಳು 1300ಕ್ಕೂ ಹೆಚ್ಚು. ಇವತ್ತು ನೋಡಲು ಸಿಗುವಂಥವು ಬಹಳ ಕಡಿಮೆ. ನೈಟ್ರೇಟ್ ಫಿಲಂ ಬೇಗ ಹಾಳಾಗುತ್ತದೆ, ಬೇಗ ಹತ್ತಿ ಉರಿಯುತ್ತದೆ. ಅದರಲ್ಲಿನ ಬೆಳ್ಳಿಗಾಗಿ ಕರಗಿಸಿದವರೂ ಇದ್ದರು. ಹಿಮಾಂಶು ರಾಯ್‌ನ ಮೂರೂ ಮೂಕಿ ಚಿತ್ರಗಳು ಉಳಿದದ್ದಕ್ಕೆ ಅವು ಪರದೇಶದ ಪಾಲುದಾರರ ಕೈಯಲ್ಲೂ ಇದ್ದದ್ದು ಒಂದು ಕಾರಣ. ‘ಶಿರಾಜ್’ ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸಂಗ್ರಹದಲ್ಲಿ 1940ರ ದಶಕದಿಂದ ಇತ್ತು.

2017ರಲ್ಲಿ ಅವರು ಅದನ್ನು ಶುದ್ಧ ಮಾಡಿ, ಗೀರು ಕಲೆ ತೆಗೆದು, ಅನೌಷ್ಕಾ ಶಂಕರ್ ಅವರಿಂದ ಹೊಸ ಸಂಗೀತ ಮಾಡಿಸಿದರು. ಆ ಅಕ್ಟೋಬರಿನಲ್ಲಿ ಲಂಡನ್ ಚಿತ್ರೋತ್ಸವದಲ್ಲಿ, ಬಾರ್ಬಿಕನ್ ಸಭಾಂಗಣದಲ್ಲಿ, ತೆರೆಯ ಮೇಲೆ ಚಿತ್ರ, ತೆರೆಯ ಮುಂದೆ ಸಿತಾರ್ ಹಿಡಿದ ಅನೌಷ್ಕಾ ಮತ್ತು ವಾದ್ಯಗಾರರು. ಆಮೇಲೆ ಭಾರತದ ಕೆಲವು ನಗರಗಳಿಗೂ ಬಂತು. ಸಂಗೀತ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಕೆಲವು ಕಡೆ ಮಾತ್ರ ನಾವು ಅಳಲಿ ಅಂತ ಮೊದಲೇ ಕರವಸ್ತ್ರ ಕೈಗೆ ಕೊಡುತ್ತದೆ. ಮಾದರಿಯನ್ನು ಮುಟ್ಟಿ ನೋಡುವ ದೃಶ್ಯವನ್ನು ಎರಡನೇ ಸಲ ಶಬ್ದ ಮುಚ್ಚಿ ನೋಡಿದೆ. ನನಗೆ ಅದೇ ಹೆಚ್ಚು ಹಿಡಿಸಿತು.

ತಂಡದವರು ಆಮೇಲೆ ಏನಾದರು ಎನ್ನುವುದೂ ಒಂದು ಕಥೆಯೇ. ಮೂರನೇ ಚಿತ್ರದ ಹೊತ್ತಿಗೆ ದೇವಿಕಾ ರಾಣಿ ಬಂದು ಕಲಾ ವಿಭಾಗದಲ್ಲಿ ಕೆಲಸ ಮಾಡಿದರು, ಹಿಮಾಂಶು ರಾಯ್‌ನನ್ನು ಮದುವೆಯಾದರು. 1934ರಲ್ಲಿ ಇಬ್ಬರೂ ಸೇರಿ ಬಾಂಬೆ ಟಾಕೀಸ್ ಎಂಬ ಚಿತ್ರ ಕಂಪನಿ ಕಟ್ಟಿದರು. ಓಸ್ಟನ್ ಮತ್ತೆ ಬಂದು ಅಲ್ಲಿ ಸಾಲುಸಾಲಾಗಿ ಚಿತ್ರ ಮಾಡಿದ. 1939ರಲ್ಲಿ ಯುದ್ಧ ಶುರುವಾದಾಗ ಜರ್ಮನ್ ಅಂತ ಅವನನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟಿತು. ಮರುವರ್ಷ ಹಿಮಾಂಶು ರಾಯ್ ತೀರಿಕೊಂಡ. ದೇವಿಕಾ ರಾಣಿ ಮುಂದೆ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರನ್ನು ಮದುವೆಯಾಗಿ ಬೆಂಗಳೂರಿಗೆ ಬಂದು ನೆಲೆಸಿದರು. ಕನಕಪುರ ರಸ್ತೆಯ ತಾತಗುಣಿ ತೋಟ ನಮ್ಮ ಕಡೆಯವರಿಗೆ ಗೊತ್ತಿರುವುದು ಅವರಿಂದಲೇ.

ಇನ್ನು ಸಲೀಮಾ. ಏಣಾಕ್ಷಿ ರಾಮರಾವ್ ಚಿತ್ರ ನಿರ್ದೇಶಕ ಮೋಹನ್ ಭವನಾನಿಯವರನ್ನು ಮದುವೆಯಾದರು, ಮುಂದೆ ಭಾರತದ ನೃತ್ಯದ ಬಗ್ಗೆ ಪುಸ್ತಕ ಬರೆದರು. ‘ಶಿರಾಜ್’ ಆದ ಕೆಲವೇ ವರ್ಷಕ್ಕೆ ಭವನಾನಿಯವರ ಒಂದು ಮೂಕಿಯಲ್ಲಿ ಏಣಾಕ್ಷಿ ನಟಿಸಿದರು. ಅದರಲ್ಲಿ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಕೂಡ ಇದ್ದರು. ಕನ್ನಡ ಚಿತ್ರರಂಗದ ಕಥೆ ಹೇಳುವವರು ಮೂಕಿಯ ಕಾಲಕ್ಕೆ ಹೋದಾಗ ಆ ಚಿತ್ರದ ಹೆಸರು ತೆಗೆಯುತ್ತಾರೆ. ಶೂದ್ರಕನ ನಾಟಕ ಅದು, ‘ಮೃಚ್ಛಕಟಿಕ’. ಹೆಸರಿನ ಅರ್ಥ ಮಣ್ಣಿನ ಪುಟ್ಟ ಬಂಡಿ. ಕುಂಬಾರನ ಮನೆಯ ಹುಡುಗಿ ಮತ್ತೆ ಮಣ್ಣಿನ ಆಟಿಕೆಯ ಕಥೆಗೇ ಬಂದಳು.